ತೊಟ್ಟಿಲ ಕಾಲಿನ ಗುರುತು

ಇದು ಹುಮನಾಬಾದ ನಿಲ್ದಾಣದಲ್ಲಿ ಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದ ಸುಗಂಧಾ ಕಿವಿಯಾರೆ ಕೇಳಿದ್ದು. ಪಕ್ಕದ ಮುದುಕ ಬಡಗಿಯ ಮುಂದೆ ಮೊಮ್ಮಗಳು ಚೀಲದಿಂದ ಎರಡು ತೊಟ್ಟಿಲ ಕಾಲು ತೆಗೆದಿಟ್ಟಳು.

“ಮುತ್ಯಾ, ಒಂದು ನಿನ್ನ ಕೈದು, ಒಂದು ನನ್ನ ಕಂಪ್ಯೂಟರ್ ಮಷೀನಿಂದು. ನಿಂದು ಯಾವುದು ಹೇಳು.”

“ಮಷೀನ್ ಹ್ಯಾಂಗ ಗುಂಡಗ ಕಡೀತದ?”

“ಕಟ್ಟಿಗಿ ತಿರುಗಿಸೋ ಚಕ್ ಹಚ್ಚೀನಿ. ಅದು ತಿರಗತದ, ಮ್ಯಾಲಿಂದ ಮಷೀನ್ ಕೊರೀತದ.”

“ನಮ್ಮ ಕಾಲಕ್ಕ ನನ್ನ ಹೇಣ್ತಿ, ನಿಮ್ಮಾಯಿ, ಹಗ್ಗ ಎಳೆದು ತಿರುಗಿಸ್ತಿದ್ದಳು, ನಾ ಉಳಿ ಹಿಡೀತಿದ್ದೆ. ನನ್ನ ಕೈ ನನಗ ಗುರ್ತು ಹತ್ತಲ್ಲೇನ?”

ಮುದುಕ ಸವರಿ ನೋಡಿ ಒಂದನ್ನು ಎತ್ತಿಕೊಂಡ.

“ಇದೇ ನಂದು. ಹಗ್ಗ ಎಳೀತಾ ಆಕಿ ನಕ್ಕಳು, ಉಳಿ ಜಾರಿತು. ಗುರುತು ಇಲ್ಲೇ ಅದ.”

“ಅದು ಮಷೀನಿಂದು, ಮುತ್ಯಾ. ನಿನ್ನ ಗುರುತು ಸುದ್ದಾ ನೋಡಿ ಕೊರಸೀನಿ.”

ಸುತ್ತ ಕೂತವರು ನಕ್ಕರು; ಸುಗಂಧಾ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಬಸ್ಸು ಬಂತು.

“ಹಂಗಾರ ನಿನ್ನ ಮಷೀನಿನ ಹಗ್ಗ ಎಳೀತಾ ನಕ್ಕಾಕಿ ಯಾರು?” ಎಂದ ಮುದುಕ, ಎಲ್ಲರಿಗಿಂತ ಜೋರಾಗಿ ನಗುತ್ತ ಎರಡೂ ಕಾಲು ಬಗಲಲ್ಲಿಟ್ಟು ಬಸ್ಸು ಹತ್ತಿದ.