ಬದುಕಿರುವ ರಂಗವ್ವನಿಗೆ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ ಬಗ್ಗೆ

ಹೆಸರು: ನರ್ಗೀಸ ತಂದೆ ಜಾಫರಸಾಬ. ವಯಸ್ಸು: 24 ವರ್ಷ. ಉದ್ಯೋಗ: ಸದ್ಯಕ್ಕೆ ಇಲ್ಲ, ಎಂ.ಎ. ಕನ್ನಡ ಮುಗಿಸಿದ್ದೇನೆ. ಸಾಕಿನ: ಗಿರಣಿ ಓಣಿ, ಬಾದಾಮಿ.

ನಾನು ಈ ದಿನ ಬೆಳಿಗ್ಗೆ 10-30 ಗಂಟೆಗೆ ಠಾಣೆಗೆ ನಾನಾಗಿಯೇ ಬಂದು, ಕೇಳಿದ್ದಕ್ಕೆ ಉತ್ತರವಾಗಿ ಬರೆಸುವುದೇನೆಂದರೆ:

ನಮ್ಮ ತಂದೆ ಗಿರಣಿ ಓಣಿಯ ತಿರುವಿನಲ್ಲಿ ಚಹಾದ ಅಂಗಡಿ ಇಟ್ಟುಕೊಂಡಿದ್ದಾರೆ. ಅದೇ ಸಾಲಿನ ನಾಲ್ಕನೇ ಮಳಿಗೆಯಲ್ಲಿ ರಂಗವ್ವ ಗಂಡ ಬೀರಲಿಂಗಪ್ಪ, ವಯಸ್ಸು 61, ಇವರು ಖಾನಾವಳಿ ನಡೆಸುತ್ತಾರೆ. ಇವರು ನನಗೆ ಸಂಬಂಧಿಕರಲ್ಲ. ನಾನು ಆಯಿ ಎಂದು ಕರೆಯುತ್ತೇನೆ. ನಮ್ಮ ತಾಯಿ ಜೋಹರಾ ಹಾಸಿಗೆ ಹಿಡಿದಿದ್ದ ವರ್ಷ ನಾನು ಎರಡೂ ಹೊತ್ತು ಇವರಲ್ಲಿಯೇ ಉಂಡಿದ್ದೇನೆ.

ನನಗೆ ಹೊರಗಿನವರೊಂದಿಗೆ ಮಾತಾಡುವುದು ಕಷ್ಟ. ಗುಡಿ, ಗುಹೆ ನೋಡಲು ಬಂದವರು ಚಹಾ ಕುಡಿಯುತ್ತಾ ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತದೆ ಎಂದು ಕೇಳಿದರೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಅದನ್ನು ನೋಡಿ ನಮ್ಮ ತಂದೆ, "ಬಾಯಿಲೆ ಹೇಳಾಕ ಆಗಂಗಿಲ್ಲಂದ್ರ ಬರದರ ಹಚ್ಚವಾ" ಎಂದು ಹೇಳಿದರು. ನವೆಂಬರ್ ಒಂದನೇ ತಾರೀಖು ನಾನು ನಮ್ಮ ಓಣಿಗೆ ಬಂದವರು ನೋಡಬೇಕಾದ ಜಾಗಗಳ ಬಗ್ಗೆ ಒಂದು ಪುಟ ಬರೆದು ಅಂಗಡಿಯ ಗೋಡೆಗೆ ಅಂಟಿಸಿದೆ. ಅದರಲ್ಲಿ ಗುರಲಿಂಗಪ್ಪನವರ ಹಿಟ್ಟಿನ ಗಿರಣಿ ಮತ್ತು ಹಿಟ್ಟು ಹಾರಿ ಅರ್ಧ ಬೆಳ್ಳಗಾದ ಅದರ ಮುಂದಿನ ಬೇವಿನಮರ, ಕೈ ಹಿಸುಕಿ ನೋಡಿಯೇ ಅಳತೆ ಹೇಳುವ ಮಾಸುಮಬಿಯವರ ಬಳೆ ಅಂಗಡಿ, ನಲ್ಲಿಯ ಹತ್ತಿರ ಎಲ್ಲರೂ ಕೂರುವ, ಯಾವ ಕಾಲದ್ದೋ ಗೊತ್ತಿಲ್ಲದ ಕೆತ್ತನೆಯ ಕಲ್ಲು, ಇವೆಲ್ಲ ಇದ್ದವು. ರಂಗವ್ವನವರ ಬಗ್ಗೆ ನಾಲ್ಕು ವಾಕ್ಯ ಬರೆದಿದ್ದೆ. "ರಂಗವ್ವ ಬೆಳಿಗ್ಗೆ ಎಂಟಕ್ಕೆ ರೊಟ್ಟಿ ಬಡಿಯಲು ಕೂರುತ್ತಾರೆ. ಆ ಸಪ್ಪಳದ ಮೇಲೆ ಓಣಿಯವರು ಹೊತ್ತು ತಿಳಿಯುತ್ತಾರೆ. ಎಣ್ಣೆಗಾಯಿ ಬೇಡ ಎಂದವರಿಗೆ ಬೈದು ಬಡಿಸುತ್ತಾರೆ. ಹಸಿದು ಬಂದವರಿಗೆ ಮುಗಿದಿದೆ ಎನ್ನುವುದಿಲ್ಲ." ಜೊತೆಗೆ ನಾನೇ ತೆಗೆದ ಅವರ ಫೋಟೋ ಇತ್ತು. ನಗುವಾಗ ಅವರು ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದಾರೆ. ಈ ಪುಟ ಓಣಿಯವರ ಮೊಬೈಲುಗಳಲ್ಲೂ ಓಡಾಡಿತ್ತು.

ಖಾನಾವಳಿಯ ಎದುರಿಗೆ ರಸ್ತೆಯ ಆಚೆ ಪ್ರಭುಲಿಂಗ ಎಂಬುವರು ಹೋದ ದಸರೆಗೆ ಫ್ಯಾಮಿಲಿ ರೆಸ್ಟೋರೆಂಟ್ ತೆರೆದಿದ್ದಾರೆ. ನವೆಂಬರ್ ಕೊನೆಯ ವಾರ ಇವರು ಖಾನಾವಳಿಗೆ ಬಂದು, "ಅಕ್ಕಾರ, ಕೈ ನೋಯಂಗಿಲ್ಲೇನ್ರಿ? ಸಾಕ್ ಮಾಡ್ರಿ ಇನ್ನ. ಈ ಜಾಗಾ ನನಗ ಬಿಟ್ಟುಕೊಡ್ರಿ, ಗಿರಾಕಿಗಳ ಗಾಡಿ ನಿಂದ್ರಾಕ ಆಗ್ತೈತಿ" ಎಂದು ಹೇಳಿದ್ದನ್ನು ನಾನು ಉಣ್ಣುತ್ತಾ ಕೇಳಿದ್ದೇನೆ. ಅದಕ್ಕೆ ರಂಗವ್ವ, "ನಿನ್ನ ಕಡೆ ಉಂಡವ್ರು ಹಸದು ನನ್ನ ಕಡೆ ಬರ್ತಾರ. ನಾ ಬಾಗಲಾ ಹಾಕಿದ್ರ ಪಾಪ ಅವ್ರು ಎಲ್ಲಿಗಿ ಹೋಗ್ಬೇಕೋ?" ಎಂದು ಹೇಳಿದರು. ಉಣ್ಣುತ್ತಿದ್ದವರೆಲ್ಲ ನಕ್ಕರು. ಪ್ರಭುಲಿಂಗ ನಗಲಿಲ್ಲ.

ರಂಗವ್ವನವರಿಗೆ ಶುಗರ್ ಹೆಚ್ಚಾಗಿದ್ದರಿಂದ ಸೋಮವಾರ ಬಾಗಲಕೋಟೆಯ ದವಾಖಾನೆಗೆ ಸೇರಿದರು. ಎರಡು ದಿನ ಅಂಗಡಿ ಇರುವುದಿಲ್ಲ ಎಂದು ಶುಕ್ರವಾರವೇ ಗಿರಾಕಿಗಳಿಗೆಲ್ಲ ಹೇಳಿದ್ದರು. ನಮ್ಮ ತಾಯಿ ಅವರ ಜೊತೆ ಹೋಗಿದ್ದರು.

ಮಂಗಳವಾರ ಬೆಳಿಗ್ಗೆ ನಾನು ಅಂಗಡಿಯ ಕಸ ಹೊಡೆಯಲು ಹೋದಾಗ ಓಣಿಯ ತಿರುವಿನಲ್ಲಿ ಎರಡು ಕಂಬಗಳಿಗೆ ಆಳೆತ್ತರದ ಫ್ಲೆಕ್ಸ್ ಕಟ್ಟಿತ್ತು. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ ಎಂದಿತ್ತು. ಮೋಡಗಳ ನಡುವೆ, ಚೆಂಡುಹೂವಿನ ಹಾರದೊಳಗೆ, ನಾನು ತೆಗೆದ ಫೋಟೋ ಇತ್ತು. ಕೆಳಗೆ ದಿ. ರಂಗವ್ವ ಎಂಬ ಹೆಸರು ಮತ್ತು ನನ್ನ ನಾಲ್ಕು ವಾಕ್ಯಗಳಿದ್ದವು. ಕೂರುತ್ತಾರೆ ಎಂಬುದು ಕೂರುತ್ತಿದ್ದರು ಆಗಿತ್ತು. ತಿಳಿಯುತ್ತಾರೆ ಎಂಬುದು ತಿಳಿಯುತ್ತಿದ್ದರು, ಬಡಿಸುತ್ತಾರೆ ಎಂಬುದು ಬಡಿಸುತ್ತಿದ್ದರು ಆಗಿತ್ತು. ಅದರ ಕೆಳಗೆ ಬಿಳಿ ಅಂಗಿ ತೊಟ್ಟು ಕೈಮುಗಿದು ನಿಂತ ಪ್ರಭುಲಿಂಗರ ಫೋಟೋ, ಅವರ ಹೋಟೆಲಿನ ಹೆಸರು, ಮೊಬೈಲ್ ನಂಬರು, ಊಟ ಉಪಹಾರಕ್ಕೆ ಸಂಪರ್ಕಿಸಿ ಎಂಬ ಮಾತು ಮತ್ತು ರಸ್ತೆಯ ಆಚೆ ತೋರಿಸುವ ಒಂದು ಬಾಣದ ಗುರುತು ಇದ್ದವು.

ನಾನು ಕಸಬರಿಗೆ ಅಲ್ಲೇ ಬಿಟ್ಟು ತಾಯಿಗೆ ಫೋನ್ ಮಾಡಿದೆ. ಆಯಿ ಹೇಗಿದ್ದಾರೆ ಎಂದು ಕೇಳಿದೆ. ತಾಯಿ, "ಉಪ್ಪಿಟ್ಟಿಗೆ ಉಪ್ಪಿಲ್ಲಂತ ಇಲ್ಲಿ ಸಿಸ್ಟರ್ ಜೋಡಿ ಜಗಳಾ ಹಚ್ಚ್ಯಾಳ, ಯಾಕ?" ಎಂದರು. ನಾನು ಏನೂ ಇಲ್ಲ ಎಂದು ಫೋನ್ ಇಟ್ಟೆ.

ಕೂಡಲೇ ಪ್ರಭುಲಿಂಗರ ಹೋಟೆಲಿಗೆ ಹೋಗಿ ರಂಗವ್ವ ಬದುಕಿದ್ದಾರೆ, ಫ್ಲೆಕ್ಸ್ ಬಿಚ್ಚಿಸಿ ಎಂದು ಹೇಳಿದೆ. ಇವರೊಂದಿಗೆ ನಾನು ಅದಕ್ಕಿಂತ ಮೊದಲು ಮಾತಾಡಿರಲಿಲ್ಲ. ಅವರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳದೆ, ದವಾಖಾನೆಯಲ್ಲಿ ತೀರಿಕೊಂಡರೆಂದು ಯಾರೋ ಹೇಳಿದರು, ಪ್ರೀತಿಯಿಂದ ಹಾಕಿಸಿದ್ದೇನೆ ಎಂದು ಹೇಳಿ, "ನೀ ಬರದಿದ್ದು ಭಾಳ ಚಂದ ಐತಿ ತಂಗಿ, ಅದಕ್ಕ ಅದನ್ನ ಹಾಕೇನಿ. ಬದುಕ್ಯಾಳಾ? ಛಲೋ ಆತ ಬಿಡ. ಸಂಜಿಗೆ ಬಿಚ್ಚಸ್ತೇನಿ" ಎಂದರು. ಸಂಜೆಗೆ ಬಿಚ್ಚಿಸಲಿಲ್ಲ. ತಪ್ಪು ತಿಳಿದು ಹಾಕಿದವರು ತಿಳಿದ ಮೇಲೆ ಒಂದು ನಿಮಿಷವೂ ಬಿಡುವುದಿಲ್ಲ ಎಂಬುದು ನನ್ನ ತಿಳಿವಳಿಕೆ.

ಮಧ್ಯಾಹ್ನ ಮಹಾಕೂಟದಿಂದ ಬಂದ ಯಾತ್ರಿಕರ ಟೆಂಪೋ ನಿಂತಿತು. ಇವರು ಪ್ರತಿಸಲವೂ ರಂಗವ್ವನವರಲ್ಲಿಯೇ ಉಣ್ಣುವವರು. ಫ್ಲೆಕ್ಸಿನ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು, ಆಮೇಲೆ ಬಾಣದ ಗುರುತು ಹಿಡಿದು ಆಚೆ ಹೋದರು. ನಾನು ಅಡ್ಡ ನಿಂತು ಆಯಿ ಸತ್ತಿಲ್ಲ, ನಾಳೆ ಬರುತ್ತಾರೆ ಎಂದು ಹೇಳಿದೆ. ಅವರಲ್ಲಿ ಒಬ್ಬ ಹೆಂಗಸು ನನ್ನ ತಲೆ ಸವರಿ, "ಪಾಪ, ಭಾಳ ಹಚ್ಚಿಕೊಂಡೈತಿ ಕೂಸು" ಎಂದು ಪಕ್ಕದವರಿಗೆ ಹೇಳಿದಳು.

ಅದನ್ನು ನೋಡಿ ನಮ್ಮ ತಂದೆ ಫ್ಲೆಕ್ಸಿನ ಹಗ್ಗಕ್ಕೆ ಕೈ ಹಾಕಿದರು. ಪ್ರಭುಲಿಂಗ ಹೋಟೆಲಿನ ಬಾಗಿಲಲ್ಲಿ ನಿಂತೇ, "ಸತ್ತವರ ಫ್ಲೆಕ್ಸ್ ಹರದಾನ ಅಂತ ನಿನ್ನ ಮ್ಯಾಲ ಕಂಪ್ಲೇಂಟ್ ಕೊಡ್ತೇನಿ ನೋಡ ಜಾಫರಸಾಬ. ಮಂದಿ ಕೂಡ್ತಾರ. ಆಮ್ಯಾಲ ನಿನಗ ಭಾರೀ ಬೀಳ್ತೈತಿ" ಎಂದು ಕೂಗಿ ಹೇಳಿದರು. ತಂದೆ ಹಗ್ಗ ಬಿಟ್ಟರು. ನಮ್ಮ ತಂದೆ ಈ ತಿರುವಿನಲ್ಲಿ ಮೂವತ್ತು ವರ್ಷ ಚಹಾ ಕುದಿಸಿದ್ದಾರೆ. ಅವರು ಹೆದರಿ ಕೈ ಹಿಂದಕ್ಕೆ ತೆಗೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಪ್ರಭುಲಿಂಗರ ಈ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇನೆ.

ನಂತರ ನಾನು ಫ್ಲೆಕ್ಸ್ ಮಾಡಿಕೊಟ್ಟ ಬಂದೇನವಾಜ ಎಂಬುವರ ಅಂಗಡಿಗೆ ಹೋಗಿ ವಿಚಾರಿಸಿದೆ. ಇವರು ಬೇರೆ ಓಣಿಯವರು, ರಂಗವ್ವನನ್ನು ನೋಡಿದವರಲ್ಲ. ಪ್ರಭುಲಿಂಗ ಶನಿವಾರ ಬಂದು ಕೆಲಸ ಕೊಟ್ಟರು, ಅಜ್ಜಿ ಯಾವಾಗ ತೀರಿಹೋದರು ಎಂದು ತಾನು ಕೇಳಿದ್ದಕ್ಕೆ "ಮೊನ್ನಿ" ಎಂದರು, ಪಕ್ಕದಲ್ಲೇ ಕುಳಿತು ಕೂರುತ್ತಾರೆ ಇದ್ದಲ್ಲಿ ಕೂರುತ್ತಿದ್ದರು ಮಾಡು ಎಂದು ಒಂದೊಂದೇ ತಿದ್ದಿಸಿದರು ಎಂದು ಬಂದೇನವಾಜ ತಿಳಿಸಿದರು. ಇದನ್ನು ಠಾಣೆಗೆ ಬಂದು ಹೇಳಲು ತಯಾರಿದ್ದಾರೆ. ಆ ಶನಿವಾರ ರಂಗವ್ವ ಊರಲ್ಲೇ ಇದ್ದರು. ಮಧ್ಯಾಹ್ನ ನಾನು ಅವರ ಕೈಯ ಎರಡು ರೊಟ್ಟಿ, ಮಡಕಿಕಾಳಿನ ಪಲ್ಯ ಉಂಡಿದ್ದೇನೆ.

ಕೊನೆಯ ವಾಕ್ಯವನ್ನು ತಿದ್ದಿಸಲು ಪ್ರಭುಲಿಂಗ ಮರೆತಿದ್ದರು. ಹಸಿದು ಬಂದವರಿಗೆ ಮುಗಿದಿದೆ ಎನ್ನುವುದಿಲ್ಲ ಎಂದೇ ಫ್ಲೆಕ್ಸಿನಲ್ಲಿತ್ತು. ತೀರಿಹೋದವರ ಬಗ್ಗೆ ದುಃಖದಿಂದ ಬರೆಸಿದವರು ಹೀಗೆ ಬರೆಸುವುದಿಲ್ಲ. ಬದುಕಿದವರ ಬಗ್ಗೆ ಬರೆದದ್ದನ್ನು ಗೊತ್ತಿದ್ದೂ ತಿದ್ದಿಸಿದವರಿಂದ ಮಾತ್ರ ಹೀಗಾಗುತ್ತದೆ.

ನಿನ್ನೆ ಬುಧವಾರ 11 ಗಂಟೆಗೆ ರಂಗವ್ವ ಬಸ್ಸಿಳಿದು ನಮ್ಮ ತಾಯಿಯ ಜೊತೆ ನಡೆದು ಬಂದರು. ಅಷ್ಟರಲ್ಲಿ ಮೊಬೈಲಿನಲ್ಲಿ ಫ್ಲೆಕ್ಸ್ ನೋಡಿ ಕಲಾದಗಿಯಿಂದ ಅವರ ತಂಗಿ, ಹುನಗುಂದದಿಂದ ಮೊಮ್ಮಗಳು ಭಾಗ್ಯಾ ಬಂದು ಮುಚ್ಚಿದ ಬಾಗಿಲ ಮುಂದೆ ಅಳುತ್ತಿದ್ದರು. ಬಸ್ಸಿನಲ್ಲಿದ್ದ ತಾಯಿಯ ಫೋನ್ ಹತ್ತಲಿಲ್ಲ. ನಾನು ಎಷ್ಟು ಹೇಳಿದರೂ, ಮನಸ್ಸಿಗೆ ಹತ್ತಬಾರದೆಂದು ಮುಚ್ಚಿಡುತ್ತಿದ್ದೇನೆ ಎಂದುಕೊಂಡಿದ್ದರು. ರಂಗವ್ವ ತಿರುವಿನಲ್ಲೇ ನಿಂತು, "ಯಾರ ಮನ್ಯಾಗ ಏನಾತ ನೋಡ ಜೋಹರಾ" ಎಂದರು. ಭಾಗ್ಯಾ ಅವರನ್ನು ಕಂಡು ಚೀರಿದಳು. ತಂಗಿ ಎದ್ದು ಬಂದು ಅವರ ಭುಜಕ್ಕೆ ಎರಡು ಬಾರಿಸಿ, "ಸತ್ತೀ ಅಂತ ಬೋರ್ಡ್ ಹಚ್ಚಿಸಿ ಹಿಂಗ ಕೈಚೀಲಾ ಹಿಡಕೊಂಡ ಬರ್ತೀಯಲ್ಲಬೇ" ಎಂದು ಅಪ್ಪಿಕೊಂಡು ಅತ್ತರು.

ರಂಗವ್ವನವರಿಗೆ ಓದಲು ಬರುವುದಿಲ್ಲ. ಫ್ಲೆಕ್ಸಿನ ಮುಂದೆ ನಿಂತು ನನಗೆ, "ಏನ್ ಬರದೈತಿ ಎಲ್ಲಾ ಓದ" ಎಂದರು. ನಾನು ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಬೇರೆ ದಾರಿ ಇರಲಿಲ್ಲ. ಅವರು ಬಾಗಿಲ ಕೀಲಿ ತೆಗೆದು ಒಳಗೆ ಹೋದರು. ಹಿಟ್ಟಿನ ಡಬ್ಬಿಯನ್ನು ಮುಂದೆ ಇಟ್ಟುಕೊಂಡು ಕುಳಿತರು, ಮುಚ್ಚಳ ತೆಗೆಯಲಿಲ್ಲ. "ಸತ್ತಾಕಿ ಕೈಲೆ ಯಾರ್ ಉಣ್ತಾರ?" ಎಂದು ಹೇಳಿದರು. ಇಂದು ಬೆಳಿಗ್ಗೆಯೂ ಒಲೆ ಹಚ್ಚಿಲ್ಲ.

ನಿನ್ನೆ ಸಂಜೆ ಪ್ರಭುಲಿಂಗ ಬಂದು, ಆದದ್ದಾಯಿತು, ಬೇಕಾದರೆ ಅದೇ ಜಾಗದಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಹಾಕಿಸುತ್ತೇನೆ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ ಎಂದು ಹೇಳಿದರು. ರಂಗವ್ವ, "ನಾ ಹುಟ್ಟಿದ್ದ ಯಾವಾಗ ಅಂತ ನಮ್ಮವ್ವಗೂ ನೆನಪಿದ್ದಿಲ್ಲ, ಸತ್ತಿದ್ದ ನಿನಗ ಹೆಂಗ ಗೊತ್ತಾತೋ?" ಎಂದು ಕೇಳಿದರು. ಸುಳ್ಳು ಹಾಕಿಸಿದೆ ಎಂದು ತಿರುವಿನಲ್ಲಿ ನಿಂತು ಬಾಯಿ ಬಿಟ್ಟು ಹೇಳು, ಸಾಕು ಎಂದರು. ಪ್ರಭುಲಿಂಗ ನಕ್ಕು, ಶ್ರದ್ಧಾಂಜಲಿ ಹಾಕಿದ್ದಕ್ಕೆ ಯಾವ ಊರಲ್ಲಿ ಕೇಸ್ ಆಗುತ್ತದೆ ಎಂದು ಹೇಳಿ ಹೋದರು. ಆಮೇಲೆ ಫ್ಲೆಕ್ಸ್ ಬಿಚ್ಚಿಸಿದ್ದಾರೆ. ಆದರೆ ಅದರ ಫೋಟೋ ಇನ್ನೂ ಊರೂರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಆಟೋದವರು ಬಂದವರಿಗೆಲ್ಲ ಅಜ್ಜಿ ಹೋದರು ಎಂದೇ ಹೇಳುತ್ತಿದ್ದಾರೆ.

ಆದ್ದರಿಂದ ಪ್ರಭುಲಿಂಗ ಇವರ ಮೇಲೆ ಕಾನೂನು ಕ್ರಮ ಜರುಗಿಸಬೇಕು, ಮತ್ತು ಸುಳ್ಳು ಹಾಕಿಸಿದ್ದಾಗಿ ಅವರ ಹೆಸರಿನಲ್ಲಿಯೇ, ಅದೇ ಅಳತೆಯಲ್ಲಿ, ಅದೇ ಕಂಬಗಳಿಗೆ ಬರೆಸಿ ಹಾಕಿಸಬೇಕು.

ಹೆಚ್ಚಿನ ಹೇಳಿಕೆ: ಮೇಲಿನದನ್ನು ಟೈಪ್ ಮಾಡಿ ನನಗೆ ಓದಲು ಕೊಟ್ಟರು. ವಿಷಯದ ಸಾಲಿನಲ್ಲಿ "ದಿ. ರಂಗವ್ವ" ಎಂದಿತ್ತು. ಫ್ಲೆಕ್ಸಿನ ಫೋಟೋ ನೋಡಿ ಹೆಸರು ಇಳಿಸಿಕೊಂಡದ್ದರಿಂದ ಹಾಗಾಗಿದೆ, ಒಂದಕ್ಷರದಿಂದ ಏನೂ ಆಗುವುದಿಲ್ಲ, ಸಹಿ ಮಾಡು ಎಂದು ಟೈಪ್ ಮಾಡಿದ ಸಾಹೇಬರು ಹೇಳಿದರು. ನಾನು ಮಾಡುವುದಿಲ್ಲ ಎಂದು ಕೂಗಿ ಹೇಳಿದೆ. ನನ್ನ ಜೊತೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ ರಂಗವ್ವ ಒಳಗೆ ಬಂದು, "ಎಲ್ಲೈತಿ ಆ ಅಕ್ಷರ, ತೋರ್ಸ" ಎಂದರು. ನಾನು ಅವರ ಬೆರಳು ಹಿಡಿದು ಅದರ ಮೇಲೆ ಇಟ್ಟೆ. ಸಾಹೇಬರು ಪೆನ್ನಿನಿಂದ ಅದನ್ನು ಹೊಡೆದುಹಾಕಿದರು. ಹೊಡೆದ ಜಾಗದ ಮೇಲೆ ರಂಗವ್ವ ತಮ್ಮ ಎಡಗೈ ಹೆಬ್ಬೆಟ್ಟು ಒತ್ತಿದ್ದಾರೆ.

ಇದರಲ್ಲಿ ಬರೆದದ್ದೆಲ್ಲ ನಾನು ಕಂಡದ್ದು, ಕೇಳಿದ್ದು. ತಿದ್ದಿದ ಮೇಲೆ ಮತ್ತೊಮ್ಮೆ ಓದಿ, ಖರೆ ಇದೆ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಬಾದಾಮಿ
ದಿನಾಂಕ: 12-12-2024

ಸಹಿ: ನರ್ಗೀಸ

ಸಾಕ್ಷಿ: ರಂಗವ್ವ ಗಂಡ ಬೀರಲಿಂಗಪ್ಪ, ಖುದ್ದು ಹಾಜರ್