ನೀಲಿಗಟ್ಟಿದ ಹಲ್ಲು

...ಅದಕ್ಕೇ ಹೇಳ್ತಿರೋದು ಪಾಟೀಲ್ರೇ, ಹೆಬ್ಬಾಳದಿಂದ ಯಲಹಂಕದ ತನಕ ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ ಎಷ್ಟಿದಾವೋ ಅಷ್ಟನ್ನೂ ಕುಯ್ದಿರೋದು ನಾನು ಸಾಣೆ ಹಿಡಿದ ಚೈನೇ. ಸುಳ್ಳು. ಇದು ಸುಳ್ಳು, ಬಿಡಿ. ಆರ್.ಟಿ. ನಗರದಲ್ಲಿ ನಾಲ್ಕು ಬೀದಿ, ಗಂಗಾನಗರದಲ್ಲಿ ಎರಡು, ಅಷ್ಟೇ ನನ್ನ ಸಾಮ್ರಾಜ್ಯ. ಆದ್ರೆ ಆ ಆರು ಬೀದಿಯಲ್ಲಿ ಮರ ಕುಯ್ಯೋ ಮಿಷಿನ್ ಇಟ್ಕೊಂಡಿರೋರು ಯಾರೇ ಇರ್ಲಿ, ಚೈನು ಮೊಂಡಾದ್ರೆ ಸೀನಣ್ಣನ ಹತ್ರಾನೇ ಬರ್ಬೇಕು. ಅದು ನಿಜ. ನಿಮ್ಮ ಕಾಲೇಜಿನ ತೋಟದ ಚೈನು ಆಗೋಕೆ ಇನ್ನೂ ಹೊತ್ತಿದೆ, ಕೂತ್ಕೊಳ್ಳಿ, ಕೈಗೆ ಸ್ವಲ್ಪ ಬಿಡುವು ಕೊಟ್ಟು ಹೇಳ್ತೀನಿ. ಊರಲ್ಲಿ ಮರ ಕುಯ್ಯೋದು ಅಂದ್ರೆ ಮರ ಮಾತ್ರ ಕುಯ್ಯೋದಲ್ಲ ಕಣ್ರೀ, ಒಳಗೆ ಮೊಳೆ ಇರುತ್ತೆ. ‘ಮನೆ ಬಾಡಿಗೆಗೆ ಇದೆ’ ಅಂತ ಬೋರ್ಡ್ ಹೊಡೆದ ಮೊಳೆ, ಕೇಬಲ್‌ನೋನು ಹೊಡೆದ ಮೊಳೆ, ತೊಗಟೆ ಬೆಳೆದು ನುಂಗಿಬಿಟ್ಟಿರುತ್ತೆ. ಒಂದು ಸಿಕ್ತು ಅಂದ್ರೆ ಚೈನಿನ ಇಪ್ಪತ್ತು ಹಲ್ಲು ಹೋಯ್ತು. ಆಮೇಲೆ ಒಂದೊಂದು ಹಲ್ಲಿಗೂ ದುಂಡನೆ ಅರ ಹಾಕಿ, ಸರಕ್, ಸರಕ್, ಸರಕ್, ಮೂರು ಸಲ, ಎಡಗಡೆ ಎಷ್ಟೋ ಬಲಗಡೆನೂ ಅಷ್ಟೇ. ಒಂದು ಹೆಚ್ಚುಕಮ್ಮಿ ಆದ್ರೆ ಮಿಷಿನ್ ಒಂದು ಪಕ್ಕಕ್ಕೆ ಎಳೆಯುತ್ತೆ.

ನಾನು ಏನ್ ಮಾಡ್ತಿದ್ದೆ ಗೊತ್ತಾ, ಗಿರಾಕಿಗಳ ಮುಂದೆ ಕಣ್ಣಿಗೆ ಟವೆಲ್ ಕಟ್ಕೊಂಡು ಅರ ಹಾಕ್ತಿದ್ದೆ. ಟವೆಲ್ ತೆಳ್ಳಗಿತ್ತು, ಎಲ್ಲಾ ಕಾಣ್ತಿತ್ತು, ಅದು ಬೇರೆ ವಿಷ್ಯ. ಜನ ಬಾಯ್ಬಿಟ್ಕೊಂಡು ನೋಡೋರು. ಹಿಂಗೆ ಮೆರೀತಿದ್ದೋನಿಗೆ, ಮೂರು ವರ್ಷದ ಹಿಂದೆ, ಇಲ್ಲ, ನಾಲ್ಕಾಯ್ತು, ಟವೆಲ್ ಇಲ್ದೇನೇ ಹಲ್ಲು ಕಾಣದ ಹಂಗಾಯ್ತು. ದೂರದ್ದೆಲ್ಲಾ ಚೆನ್ನಾಗಿ ಕಾಣುತ್ತೆ, ಬಸ್ಸಿನ ನಂಬರ್ ಮೊದಲು ಓದೋನು ನಾನೇ. ಕೈಯಲ್ಲಿರೋದು ಮಾತ್ರ ಮಂಜು. ಹಲ್ಲಿನ ತುದಿ ಎಲ್ಲಿ ಮುಗೀತು, ಗಾಳಿ ಎಲ್ಲಿ ಶುರುವಾಯ್ತು, ಗೊತ್ತಾಗ್ತಿರ್ಲಿಲ್ಲ. ನನ್ನ ಹೆಂಡ್ತಿ ಜಯ, ‘ಕನ್ನಡಕ ಹಾಕಿಸ್ಕೊಳ್ರೀ, ವಯಸ್ಸಾದ್ಮೇಲೆ ಎಲ್ಲರಿಗೂ ಬರೋದೇ’ ಅಂದ್ಳು. ‘ಲೇ, ಕನ್ನಡಕದೋನ ಕೈಗೆ ಯಾರೇ ಚೈನು ಕೊಡ್ತಾರೆ?’ ಅಂತ ಬೈದೆ. ಭಯ ಕಣ್ರೀ. ನನಗೆ ಬರೋದು ಇದೊಂದೇ ಕೆಲ್ಸ. ಅರ ಬಿಟ್ಟು ಗ್ರೈಂಡರ್ ಹಿಡಿದೆ. ಅದರಲ್ಲಿ ಕೋನ ಎಲ್ಲಾ ಸೆಟ್ ಮಾಡಿರ್ತೀವಿ, ಹಲ್ಲು ಸಿಕ್ಕಿಸಿ ಒತ್ತಿದ್ರೆ ಆಯ್ತು, ನೋಡೋ ಗೋಜಿಲ್ಲ ಅನ್ಕೊಂಡೆ. ಆದ್ರೆ ಒಂದು ಕ್ಷಣ ಜಾಸ್ತಿ ಒತ್ತಿದ್ರೆ ಹಲ್ಲು ಕಾದು ನೀಲಿಗಟ್ಟುತ್ತೆ, ನವಿಲು ಕತ್ತಿನ ಬಣ್ಣ. ನೋಡೋಕೆ ಭಾರಿ ಚೆಂದ. ಟೆಂಪರ್ ಹೋಯ್ತು ಅಂತೀವಿ ನಾವು. ಕಬ್ಬಿಣ ಒಳಗೇ ಮೆತ್ತಗಾಗಿರುತ್ತೆ. ಬೆರಳಿಟ್ರೆ ಚೂಪು, ಮರಕ್ಕಿಟ್ರೆ ಐದು ನಿಮಿಷದಲ್ಲಿ ಮೊಂಡು.

ಆಗ ನಯಾಜ್ ಅಂತ ಒಬ್ಬ ಇದ್ದ. ಇದ್ದ ಏನು, ಇದ್ದಾನೆ, ದೇವರು ಚೆನ್ನಾಗಿಟ್ಟಿರ್ಲಿ. ಮರ ಹತ್ತಿ ಕೊಂಬೆ ಕುಯ್ಯೋದ್ರಲ್ಲಿ ಅವನ ಸಮ ಯಾರೂ ಇರ್ಲಿಲ್ಲ. ಹತ್ತು ವರ್ಷದಿಂದ ನನ್ನ ಗಿರಾಕಿ, ಗಿರಾಕಿಗಿಂತ ಹೆಚ್ಚಾಗಿ ನನ್ನ ಕೀಟಲೆಗೆ ಸಿಕ್ಕಿದ ಬಕ್ರಾ. ಒಂದ್ಸಲ ಅವನು ಮರದ ಮೇಲಿದ್ದಾಗ ‘ಫಾರೆಸ್ಟ್‌ನೋರು ಬಂದ್ರೋ’ ಅಂತ ಕೂಗಿ ಇಳಿಸಿ, ಅವನ ಬಿರಿಯಾನಿ ತಿಂದಿದ್ದೆ. ಈಗ ಹೇಳೋಕೆ ಹೊರಟಿರೋ ದಿನ ಇದೆಯಲ್ಲ, ಅದರ ಹಿಂದಿನ ದಿನ ದೊಡ್ಡ ಮಳೆ. ಗಂಗಾನಗರದಲ್ಲಿ ಒಂದು ಗುಲ್‌ಮೊಹರ್ ಕೊಂಬೆ ಮುರಿದು ಮನೆಯೊಂದರ ಬಾಲ್ಕನಿ ಮೇಲೆ ಒರಗಿತ್ತು. ಅವನ ಒಂದು ಚೈನು ಆಗ್ಲೇ ಮೊಳೆಗೆ ಸಿಕ್ಕಿ ಹೋಗಿತ್ತು, ಇನ್ನೊಂದು ನನ್ನ ಹತ್ರ. ಬಾಗಿಲಲ್ಲಿ ನಿಂತು ‘ಸೀನಣ್ಣಾ, ಬೇಗ, ಬೇಗ’ ಅಂತ ಅವನು. ಒಳಗೆ ಕಾಫಿ ತಂದ ಜಯ ಚೈನು ಎತ್ತಿ ನೋಡಿ, ‘ಏನ್ರೀ ಇದು, ಹಲ್ಲೆಲ್ಲಾ ನೀಲಿಗಿದೆ?’ ಅಂದ್ಳು.

ನನಗೆ ಗೊತ್ತಾಯ್ತು. ಆಗ ಹೊರಗೆ ಹೋಗಿ ‘ನಯಾಜೂ, ಸುಟ್ಟುಬಿಟ್ಟೆ ಕಣೋ, ಕಣ್ಣು ಕಾಣಲ್ಲ’ ಅಂದಿದ್ರೆ ಮುಗೀತಿತ್ತು. ನಾನೇನ್ ಮಾಡ್ದೆ? ಎಮೆರಿ ಪೇಪರ್ ತಗೊಂಡು ನೀಲಿ ಎಲ್ಲಾ ತಿಕ್ಕಿ, ಎಣ್ಣೆ ಒರೆಸಿ, ಬೆಳ್ಳಿ ಹಂಗೆ ಹೊಳಿಸಿ ಕೊಟ್ಟೆ. ಜಯ ನನ್ನನ್ನೇ ನೋಡ್ತಾ ನಿಂತಿದ್ಳು.

ಮನಸ್ಸು ತಡೀಲಿಲ್ಲ, ‘ಹಗ್ಗ ಹಿಡ್ಕೊಳ್ಳೋಕೆ ನಾನೂ ಬರ್ತೀನಿ’ ಅಂತ ಹಿಂದೆ ಹೊರಟೆ. ‘ಏನಣ್ಣಾ, ಇವತ್ತು ಸೂರ್ಯ ಎಲ್ಲಿ ಹುಟ್ಟಿದಾನೆ?’ ಅಂತ ನಕ್ಕ. ಸೊಂಟಕ್ಕೆ ಎರಡು ಹಗ್ಗ ಕಟ್ಕೊಂಡು ಹತ್ತಿದ. ಒಂದು ಸಾಕು, ಎರಡನೇದು ಅವರಮ್ಮನ ಹಠ. ನಾನು ಕೆಳಗೆ. ಮೊದಲು ಮರದ ಹೊಟ್ಟು ಅವಲಕ್ಕಿ ಹಂಗೆ ಅಗಲಗಲ ಬಿತ್ತು, ಅದು ಚೂಪಿನ ಗುರುತು. ದೇವರೇ, ಹಿಂಗೇ ಬೀಳ್ಲಿ ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಸಣ್ಣಕ್ಕಿ ನುಚ್ಚು. ಆಮೇಲೆ ರಾಗಿ ಹಿಟ್ಟು. ನನ್ನ ತಲೆ ಮೇಲೆ, ಹೆಗಲ ಮೇಲೆ, ಬರೀ ಹಿಟ್ಟು. ಮೇಲೆ ಹೊಗೆ. ಮೊಂಡು ಚೈನಿಗೆ ನಯಾಜ್ ಮೈಭಾರ ಎಲ್ಲಾ ಹಾಕಿ ಒತ್ತುತಾ ಇದಾನೆ. ಮಿಷಿನ್ ಹಿಂದಕ್ಕೆ ಚಿಮ್ಮಿ ಒದೆಯೋದು ಹಂಗೆ ಒತ್ತಿದಾಗಲೇ.

ಕೂಗಿದೆ. ಏನಂತ ಕೂಗಿದೆ ಹೇಳಿ? ‘ಹೆಜ್ಜೇನು! ಹೆಜ್ಜೇನು ಎದ್ದಿದೆ ಕಣೋ, ಇಳಿಯೋ!’ ಆ ಹೊತ್ತಲ್ಲೂ ನನ್ನ ಮಾನ ಉಳಿಸ್ಕೊಂಡು ಅವನನ್ನ ಇಳಿಸ್ಬೇಕಿತ್ತು ನನಗೆ. ‘ಹೋಗಣ್ಣಾ, ಇವತ್ತು ಬಿರಿಯಾನಿ ತಂದಿಲ್ಲ’ ಅಂದ. ಆಗ ನಿಜ ಹೇಳ್ದೆ. ‘ಚೈನು ಸುಟ್ಟಿದೀನಿ ಕಣೋ! ಟೆಂಪರ್ ಹೋಗಿದೆ! ನನಗೆ ಕಣ್ಣು ಕಾಣಲ್ಲ!’ ಮಿಷಿನ್ ನಿಲ್ಸಿ ಕೆಳಗೆ ಬಗ್ಗಿ ನನ್ನ ಮುಖಾನೇ ನೋಡ್ದ. ‘ಜೇನು ಹೋಯ್ತಾ ಆಗ್ಲೇ? ಇನ್ನೇನಣ್ಣಾ ಬರುತ್ತೆ, ಹುಲಿನಾ?’ ಸುತ್ತ ನಿಂತಿದ್ದೋರೆಲ್ಲಾ ನಕ್ಕರು. ಅವನು ಮತ್ತೆ ಸ್ಟಾರ್ಟ್ ಮಾಡ್ದ.

ಮಿಷಿನ್ ಒದೀತು. ಅವನು ಮೇಲಿಂದ ಬಿದ್ದ, ನಾನು ಓಡಿಹೋಗಿ ಎರಡೂ ಕೈಯಲ್ಲಿ ಹಿಡ್ಕೊಂಡೆ. ಇಲ್ಲ. ಹಿಡೀಲಿಲ್ಲ. ಇದೊಂದರಲ್ಲಿ ಸುಳ್ಳು ಬೇಡ. ನಾನು ನಿಂತಲ್ಲೇ ನಿಂತಿದ್ದೆ. ಚೈನು ಒಂದು ಹಗ್ಗ ಕತ್ತರಿಸಿ, ಎಡಗೈಗೆ ಇಳೀತು. ಅವರಮ್ಮನ ಹಗ್ಗ ಹಿಡೀತು. ಬೇರೆ ಜನ ಏಣಿ ಹಾಕಿ ಇಳ್ಸಿದ್ರು. ಆಟೋದಲ್ಲಿ ಅವನ ಕೈಗೆ ನನ್ನ ಶರ್ಟ್ ಸುತ್ತಿ ಒತ್ತಿ ಹಿಡಿದಿದ್ದೆ. ಹೆಬ್ಬಾಳ ಫ್ಲೈಓವರ್ ಕೆಳಗೆ ಟ್ರಾಫಿಕ್, ಮುಂದೆ ಹೋಗ್ತಾನೇ ಇಲ್ಲ. ನಯಾಜ್ ಕಣ್ಣು ಮುಚ್ಕೊಂಡೇ ಕೇಳ್ದ:

‘ನಿಜಾನಾ ಅಣ್ಣಾ, ಚೈನು?’

‘ನಿಜ ಕಣೋ.’

‘ಮತ್ತೆ ನಗ್ತಾ ನಗ್ತಾ ಯಾಕೆ ಹೇಳ್ದೆ?’

ನಗ್ತಿದ್ನಾ ನಾನು? ಗೊತ್ತಿಲ್ಲ ಪಾಟೀಲ್ರೇ. ಇಷ್ಟು ವರ್ಷದ ಅಭ್ಯಾಸ, ಬಾಯಿ ತನ್ನಷ್ಟಕ್ಕೆ ತಾನು ಹಲ್ಲು ಕಿರಿದಿರ್ಬೇಕು.

ಕೈ ಉಳೀತು. ಎರಡು ಬೆರಳು ಇವತ್ತಿಗೂ ಮಡಚಲ್ಲ. ಮರ ಹತ್ತೋದು ನಿಂತೋಯ್ತು, ಈಗ ಅವನ ಬಾಮೈದ ಹತ್ತುತಾನೆ, ಇವನು ಕೆಳಗೆ ನಿಂತು ಹೇಳ್ಕೊಡ್ತಾನೆ. ಎಲ್ಲರಿಗೂ ‘ಮೊಳೆ ಸಿಕ್ತು’ ಅಂತಾನೇ ಹೇಳ್ದ. ನನ್ನ ಹೆಸರು ಎತ್ಲಿಲ್ಲ. ಈಗ್ಲೂ ಚೈನು ಇಲ್ಲಿಗೇ ತರ್ತಾನೆ. ಆದ್ರೆ ಆ ಸ್ಟೂಲ್ ಮೇಲೆ ಕೂತು, ನಾನು ಕನ್ನಡಕ ಹಾಕ್ಕೊಂಡು ಅರ ಹಾಕಿದ ಒಂದೊಂದು ಹಲ್ಲನ್ನೂ ಬೆಳಕಿಗೆ ಹಿಡಿದು ನೋಡ್ತಾನೆ. ನಾನು ಏನೇ ತಮಾಷೆ ಮಾಡ್ಲಿ, ನಗಲ್ಲ. ‘ಮುಂದಿನ ಹಲ್ಲು, ಅಣ್ಣ’ ಅಂತಾನೆ, ಅಷ್ಟೇ.

ನಿಮಗೊಬ್ಬರಿಗೇ ಹೇಳ್ತಿರೋದು ಇದನ್ನ. ಥೂ, ಅದೂ ಸುಳ್ಳು. ಬಂದೋರಿಗೆಲ್ಲಾ ಹೇಳ್ತೀನಿ, ತಪ್ಪು ನಂದೇ ಅಂತ. ಒಬ್ಬರೂ ನಂಬಲ್ಲ. ‘ಸೀನಣ್ಣ ಹೊಸ ಕತೆ ಕಟ್ಟಿದಾನೆ’ ಅಂತಾರೆ. ನೋಡಿ, ನೀವೂ ನಗ್ತಿದೀರಲ್ಲ. ಇರ್ಲಿ ಬಿಡಿ. ಕಣ್ಣು ಮಂಜಾದ್ರೆ ಮಂಜಾಯ್ತು ಅಂತ ಅವತ್ತೇ ಬಾಯ್ಬಿಟ್ಟು ಹೇಳ್ಬಿಡಿ, ನಾಳೆಗೆ ಇಟ್ಕೋಬೇಡಿ. ಹಾಂ, ಟೀಯೋನು ನಾವು ಕುಡಿದ ಲೋಟ ತಗೊಂಡು ಹೋಗೋಕೆ ಬಂದ. ನನ್ನ ಟೀ ದುಡ್ಡೂ ಸೇರಿಸಿ ನೀವೇ ಕೊಟ್ಬಿಡಿ.