ಒಂದು ಡಬ್ಬಿ ಬೆಂದ ಕಡ್ಲಿ

…ಹಂಗಲ್ಲ ಯವ್ವಾ, ಫೋನಿನ್ಯಾಗ ನೋಡಿ ಅಡಗಿ ಮಾಡೂವಾಗ ಬೆಂದ ಕಡ್ಲಿ ಒಂದು ಕಿಲೋ ಅಂತ ಬರದಿದ್ರ ಡಬ್ಬಿಲೆ ಅಳದು ಹಾಕಬ್ಯಾಡ, ಹಂಗ ಮಾಡೇ ನಿಮ್ಮಜ್ಜಿ ಕಳ್ಳಿ ಅನ್ನಿಸ್ಕೊಳ್ಳೂ ಹೊತ್ತು ಬಂದಿತ್ತು. ನಗಬ್ಯಾಡ್ರಿ, ಕೇಳ್ರಿಲ್ಲೆ. ಇದ ಗೋವಾದ ಸಾಂಗೆದಾಗ ಗಣಿ ಬಂದ್ ಆತು, ನಿಮ್ಮಜ್ಜ, ನಿಮ್ಮಪ್ಪ ಇಬ್ಬರದೂ ಕೆಲಸ ಹೋತು, ಗಂಟುಮೂಟಿ ಕಟ್ಕೊಂಡು ಪಣಜಿ ಮಗ್ಗಲದ ಈ ಚಿಂಬಲ್‌ಗೆ ಬಂದ್ವಿ. ನೀ ಆವಾಗ ತೊಟ್ಟಿಲದಾಗ ಇದ್ದಿ… ಅಲ್ಲಲ್ಲ, ನಿಮ್ಮಣ್ಣ ತೊಟ್ಟಿಲದಾಗ, ನೀ ಇನ್ನೂ ಹುಟ್ಟಿದ್ದಿಲ್ಲ. ಗಂಡಸರಿಗೆ ಬಿಲ್ಡಿಂಗ್ ಕೆಲಸ ಇವತ್ತಿದ್ರ ನಾಳಿಲ್ಲ. ಪಣಜ್ಯಾಗ ಸುಮನಬಾಯಿ ಅಂತ ಇದ್ರು, ಹೊಟೇಲಿನವರಿಗೆ ಕಾಳು-ಕಡಿ ಬೇಯಿಸಿ ಕೊಡ್ತಿದ್ರು, ಅವರ ಅಡಗಿಮನ್ಯಾಗ ನನಗ ಕೆಲಸ ಸಿಕ್ತು. ನನ್ನ ಮೊದಲನೇ ನೌಕರಿ ಅದು. ಅದೂ ಹೋದ್ರ ಮನ್ಯಾಗ ಒಲಿ ಹೊತ್ತೂ ಹಂಗಿದ್ದಿಲ್ಲ.

ಒಂದಿನ ಬಾಯಿ ಅಂದ್ರು, "ಶಾಂತಾ, ಹೊಟೇಲಿಗೆ ಬೆಂದ ಕಡ್ಲಿ ಹತ್ತು ಕಿಲೋ ಕಳಸು." ಈಗ ನೀವ ಹೇಳ್ರಿ, ನಮ್ಮ ಕಡೆ ಬೆಂದ ಕಾಳು ಯಾರು ತೂಗ್ತಾರ? ನಮ್ಮದೆಲ್ಲಾ ಅಳತಿ. ಸೇರು ತಗೊಂಡು ಲಾಭ, ಎರಡು, ಮೂರು ಅಂತ ಅಳಕೋತ ಹೋಗೂದು. ಮೊದಲನೇದ್ದಕ್ಕ ಒಂದು ಅನ್ನಂಗಿಲ್ಲ, ಲಾಭ ಅನಬೇಕು, ಗೊತ್ತೈತಿಲ್ಲೋ? ಇರಲಿ, ಅದು ಬ್ಯಾರೆ ಮಾತು. ಅಲ್ಲೊಂದು ಸ್ಟೀಲಿನ ಡಬ್ಬಿ ಇತ್ತು, ಒಣಾ ಕಡ್ಲಿ ತುಂಬಿದ್ರ ಬರೋಬ್ಬರಿ ಒಂದು ಕಿಲೋ ಹಿಡೀತಿತ್ತು. ಬೆಂದದ್ದನ್ನೂ ನೀರು ಬಸದು ಅದ ಡಬ್ಬಿಲೆ ಹತ್ತು ಅಳದು ಕಳಸಿದ್ನಿ. ಕಳಸಿ ನಿಶ್ಚಿಂತಿಲೆ ಭಾಂಡಿ ತಿಕ್ಕಾಕತ್ತಿದ್ನಿ.

ಸ್ವಲ್ಪ ಹೊತ್ತಿಗೆ ಹೊಟೇಲಿಂದ ಫೋನು ಬಂತು. ತಕ್ಕಡ್ಯಾಗ ಹತ್ತು ಕಿಲೋ ಇರಬೇಕಾದ್ದು ಎಂಟಕ್ಕ ನಿಂತೈತಿ ಅಂತ. ಬಾಯಿ ನನ್ನ ಮಾರಿ ನೋಡಿ, "ಚಣೆ ಖಂಯ್ ಗೆಲೆ?" ಅಂದ್ರು. ಕಡ್ಲಿ ಎಲ್ಲಿ ಹೋತು ಅಂತ. ಅಂದು ಗ್ವಾಡಿಗೆ ತೂಗಹಾಕಿದ್ದ ನನ್ನ ಕೈಚೀಲದ ಕಡೆ ನೋಡಿದ್ರು. ಬೈದಿದ್ರರ ತಡ್ಕೋತಿದ್ನಿ, ಆ ನೋಟ ತಡಕೊಳ್ಳಾಕ ಆಗಲಿಲ್ಲ. ಚೀಲ ತಗದು ಕಟ್ಟಿ ಮ್ಯಾಲೆ ಬ್ವಾರಲ ಹಾಕಿದ್ನಿ. ಎಲಿ-ಅಡಕಿ ಸಂಚಿ ಬಿತ್ತು, ಬಸ್ಸಿನ ತಿಕೀಟು ಬಿತ್ತು, ಮತ್ತೇನಿತ್ತು ಅದರಾಗ? "ಬಡವಿ ಇರಬಹುದ್ರಿ ಬಾಯಿ, ಕಳ್ಳಿ ಅಲ್ಲ. ಪಾತೇಲ್ಯಾಗ ಇನ್ನೂ ಕಡ್ಲಿ ಐತಿ, ಅದ ಡಬ್ಬಿಲೆ ತುಂಬಿ ನನ್ನ ಕಣ್ಣೆದುರ ತೂಗ್ರಿ" ಅಂದ್ನಿ. ಖರೇ ಹೇಳ್ತೇನಿ, ತೂಗಿದ್ರ ಏನಾಗ್ತೈತಿ ಅಂತ ನನಗೂ ಗೊತ್ತಿದ್ದಿಲ್ಲ. ಸಿಟ್ಟಿನ್ಯಾಗ ಆಡಿದ ಮಾತು.

ಬಾಯಿ ಮೊದಲ ಡಬ್ಬಿ ತುಂಬ ಒಣಾ ಕಡ್ಲಿ ತೂಗಿದ್ರು, ಒಂದು ಕಿಲೋ. ಅದನ್ನ ಸುರವಿ ಬೆಂದದ್ದು ಕಂಠಮಟ ತುಂಬಿ ಇಟ್ರು. ಮುಳ್ಳು ಎಂಟುನೂರು ಗ್ರಾಮ್ ದಾಟಿ ಚೂರು ಮುಂದ ಹೋತು, ಅಲ್ಲೇ ನಿಂತು ಬಿಟ್ಟಿತು. ತಗದು ಮತ್ತ ಇಟ್ರು. ಅಷ್ಟ. ಬಾಯಿ ಅಲ್ಲೇ ಸ್ಟೂಲಿನ ಮ್ಯಾಲೆ ಕುಂತು, "ನೀರು ಕುಡದು ಉಬ್ಬಿದ ಕಾಳು ಒತ್ತೊತ್ತಿ ಕೂಡೂದಿಲ್ಲ ಶಾಂತಾ, ಡಬ್ಬಿ ತುಂಬಿದ್ರೂ ತೂಕ ತುಂಬೂದಿಲ್ಲ. ನಾ ತಪ್ಪು ತಿಳಕೊಂಡ್ನಿ" ಅಂದ್ರು. ನನ್ನ ಎದಿ ಮ್ಯಾಲಿನ ಕಲ್ಲು ಇಳದಂಗಾತು ನೋಡ್ರಿ. ಕೆಲಸ ಉಳೀತು ಅನ್ನೂದಕ್ಕಿಂತ ಹೆಸರು ಉಳೀತಲ್ಲ, ಅದಕ್ಕ ಅಳು ಬಂತು. ಬಾಯಿ ತಾವ ಚಾ ಕಾಸಿ ಕೊಟ್ರು, ಕಡಿಮಿ ಬಿದ್ದ ಕಡ್ಲಿ ನನ್ನ ಕೈಲೆ ತೂಗಿಸಿ ಹೊಟೇಲಿಗೆ ಕಳಸಿದ್ರು. ಅವತ್ತಿಂದ ನನಗ ಬಾಯಿಪಾಠ, ಒಂದು ಡಬ್ಬಿ ಒಣಾ ಕಡ್ಲಿ ಬೆಂದ್ರ ಮೂರು ಡಬ್ಬಿ ಆಗ್ತೈತಿ, ತೂಕ ಮಾತ್ರ ಎರಡೂವರಿ ಕಿಲೋ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರ ಹಿರ್‍ಯಾರು. ಯಾರ ಚೀಲದ ಕಡೆನರ ಕಣ್ಣು ಹಾಯಿಸೂಕಿಂತ ಮೊದಲ, ತಕ್ಕಡಿ ತಗೀರಿ.